ನಡುಮನೆಯ ಸಿಮೆಂಟು

ನಮ್ಮ ಮನೆಯ ನಡುಮನೆಯಲ್ಲಿ ದೇವರಿಗಿಂತ ಸಿಮೆಂಟಿಗೇ ಹೆಚ್ಚು ಜಾಗವಿತ್ತು. ದೇವರಿಗೆ ಗೋಡೆಯಲ್ಲೊಂದು ಗೂಡು. ಸಿಮೆಂಟಿಗೆ ಕೋಣೆಯ ಉದ್ದಕ್ಕೂ ಹಲಗೆಯ ಹಾಸು, ಗೋಡೆಯಿಂದ ಒಂದು ಮೊಳ ದೂರ, ನೆಲದಿಂದ ಒಂದು ಗೇಣು ಎತ್ತರ. ಅದು ಯುದ್ಧದ ಕಾಲ; ಪರ್ಮಿಟ್ ಇಲ್ಲದೆ ಒಂದು ಬೊಗಸೆ ಸಿಮೆಂಟೂ ಸಿಗುತ್ತಿರಲಿಲ್ಲ. ಅಪ್ಪ ಓವರ್ಸೀಯರ್. ಶ್ರೀನಿವಾಸಪುರದಿಂದ ಮುಳಬಾಗಿಲ ಕಡೆ ಹೋಗುವ ರಸ್ತೆಗೆ ಅಡ್ಡಲಾಗಿದ್ದ ಒಂದು ಹೊಳೆಗೆ ಸೇತುವೆ ಕಟ್ಟಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಹೊಳೆ ಎಂದರೆ ವರ್ಷದ ಹೆಚ್ಚು ಕಾಲ ಬರೀ ಮರಳು. ಮಳೆ ಹಿಡಿದ ಕೆಲವು ದಿನ ಮಾತ್ರ ಕೆಂಪು ನೀರು ಹುಚ್ಚು ಹಿಡಿದಂತೆ ಬಂದು ಬಸ್ಸು, ಗಾಡಿ, ಬಸುರಿ, ಬಾಣಂತಿ ಯಾರನ್ನೂ ದಾಟಗೊಡುತ್ತಿರಲಿಲ್ಲ. ದಂಡೆಯ ಮೇಲಿನ ಷೆಡ್ಡು ಸೋರುತ್ತಿತ್ತು. ತೇವ ತಗುಲಿದರೆ ಸಿಮೆಂಟು ಮೂಟೆಯೊಳಗೇ ಕಲ್ಲಾಗಿಬಿಡುತ್ತದೆಂದು ಅಪ್ಪ ಮೇಲಿನವರಿಗೆ ಬಾಯಿಮಾತಿನಲ್ಲಿ ತಿಳಿಸಿ, ಮೂಟೆಗಳನ್ನು ಶ್ರೀನಿವಾಸಪುರದ ನಮ್ಮ ಬಾಡಿಗೆ ಮನೆಗೇ ತರಿಸಿದ್ದರು. ಅಮ್ಮ ದಿನಕ್ಕೆ ಎಷ್ಟು ಸಲ ಒರೆಸಿದರೂ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ, ದೇವರ ಪಟದ ಗಾಜಿನ ಮೇಲೆ, ನನ್ನ ರಿಬ್ಬನ್ನಿನ ಮೇಲೆ ಒಂದು ತೆಳ್ಳಗಿನ ಬೂದು ಪುಡಿ ಕೂತೇ ಇರುತ್ತಿತ್ತು.

ಅಪ್ಪನ ತಾಯಿಯನ್ನು ನಾವು ಅವ್ವ ಎನ್ನುತ್ತಿದ್ದೆವು. ತೆಲುಗು ಬೆರೆತ ನಮ್ಮಂಥ ಮನೆಗಳಲ್ಲಿ ಅಜ್ಜಿಗೆ ಅದೇ ಹೆಸರು. ಅವ್ವ ಆ ಮೂಟೆಗಳ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದಳು. ಆದರೆ ಅವಳಿಗೆ ಸಿಮೆಂಟಿನ ಮೇಲೆ ನಂಬಿಕೆ ಇರಲಿಲ್ಲ. ಅವಳ ತವರು ಕ್ಯಾಲನೂರು. ಅಲ್ಲಿ ಅವಳ ಅಪ್ಪ ಕಟ್ಟಿಸಿದ ಮನೆ ಸುಣ್ಣದ ಗಾರೆಯದು. ಹೆಂಗಸರು ಸಾಲಾಗಿ ನಿಂತು ದಿನಗಟ್ಟಲೆ ಗಾರೆ ಕುಟ್ಟಿದ್ದು, ಕೊಪ್ಪರಿಗೆಗಳಲ್ಲಿ ಏನೇನೋ ನೆನೆಹಾಕಿದ್ದು, ಆ ಗೋಡೆಗೆ ಕೊನೆಗೆ ಮೊಳೆ ಹೊಡೆಯಲು ಹೋದರೆ ಮೊಳೆಯೇ ಸೊಟ್ಟಗಾದದ್ದು, ಇವೆಲ್ಲ ಅವಳು ನಮಗೆ ಊಟದ ಹೊತ್ತಿಗೆ ಬಡಿಸುತ್ತಿದ್ದ ಕತೆಗಳು. ಅಪ್ಪ ನಗುತ್ತ ಕೇಳುತ್ತಿದ್ದರು. ಅವಳ ಒಬ್ಬನೇ ಮಗ ಅವರು. ಅವಳೊಡನೆ ಮಾತಾಡುವಾಗ ಓವರ್ಸೀಯರ್‌ಗಿರಿಯೆಲ್ಲ ಕಳಚಿ ಸೀನನಾಗಿಬಿಡುತ್ತಿದ್ದರು.

ನಾನು ಕೆ.ಜಿ.ಎಫ್‌ನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಓದುತ್ತಿದ್ದೆ. ಅಲ್ಲಿ ಸಿಸ್ಟರುಗಳು ನಮಗೆ ಗುಡ್ ಮ್ಯಾನರ್ಸ್, ನೀಡಲ್‌ವರ್ಕ್, ಪೊಯೆಟ್ರಿ ಕಲಿಸಿದರು. ಪ್ರಶ್ನೆ ಕೇಳುವುದು ಮಾತ್ರ ಅಷ್ಟೇನೂ ಲೇಡಿಲೈಕ್ ಎನಿಸಿಕೊಳ್ಳುತ್ತಿರಲಿಲ್ಲ. ಆ ಬೇಸಿಗೆ ಹಾಲಿಡೇಸ್‌ಗೆ ಮನೆಗೆ ಬಂದಾಗ ನನಗೆ ಹನ್ನೊಂದು ತುಂಬಿರಬೇಕು. ಬಂದ ದಿನವೇ ಅಪ್ಪ ನನ್ನ ಜಾಮೆಟ್ರಿ ಬಾಕ್ಸಿನಿಂದ ರಬ್ಬರ್ ತೆಗೆದುಕೊಂಡು ಅದರ ಪಕ್ಕದಲ್ಲಿ ಮಸಿಯಿಂದ ನೆಟ್ಟಗೆ ಗೆರೆಗಳನ್ನು ಎಳೆದರು. ಎರಡೂ ತುದಿ ಹಿಡಿದು ನಡುವೆ ಬಗ್ಗಿಸಿ ನನ್ನ ಮುಖದ ಮುಂದೆ ಹಿಡಿದರು. ಗೆರೆಗಳ ಮೇಲ್ತುದಿಗಳು ಒಂದಕ್ಕೊಂದು ಹತ್ತಿರ ಬಂದಿದ್ದವು, ಕೆಳತುದಿಗಳು ಬಿಚ್ಚಿಕೊಂಡಿದ್ದವು. ಸೇತುವೆಯ ಮೇಲೆ ಗಾಡಿ ಬಂದು ನಿಂತಾಗ ಆಗುವುದೂ ಇದೇ ಎಂದರು. ಕಾಂಕ್ರೀಟು ಒತ್ತಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಅದಕ್ಕೇ ಬಿಚ್ಚಿಕೊಳ್ಳುವ ಕೆಳಭಾಗದಲ್ಲಿ ಕಂಬಿ ಇಡುವುದು. ಆ ರಬ್ಬರ್ ಹಿಡಿದುಕೊಂಡು ನಾನು ಇಡೀ ದಿನ ಬಗ್ಗಿಸುತ್ತ ಕೂತಿದ್ದೆ. ಕಣ್ಣಿಗೆ ಕಾಣದ ಒಂದು ಎಳೆತ ಎರಡು ಮಸಿ ಗೆರೆಗಳ ನಡುವೆ ಕಂಡುಬಿಟ್ಟಿತ್ತಲ್ಲ, ಅದರ ಥ್ರಿಲ್ಲು ಈಗಲೂ ನೆನಪಿದೆ.

ಅಪ್ಪನಿಗೆ ಅಡುಗೆಮನೆಯೂ ಲ್ಯಾಬೊರೇಟರಿಯೇ. ಹೊಳೆಯ ಮರಳನ್ನು ಗಾಜಿನ ಸೀಸೆಗೆ ಹಾಕಿ, ನೀರು ತುಂಬಿ, ಕುಲುಕಿ ಕಿಟಕಿಯಲ್ಲಿಡುವರು. ಮರಳು ತಳಕ್ಕಿಳಿದು ಅದರ ಮೇಲೆ ಮಣ್ಣು ಎಷ್ಟು ದಪ್ಪ ಕೂರುತ್ತದೋ ಅದನ್ನು ನೋಡಿ ಆ ಮರಳು ಬೇಕು, ಬೇಡ ಎನ್ನುವರು. ಒಂದು ಬೆಳಗ್ಗೆ ತಿಂಡಿಗೆ ಕೂತಾಗ ಲೋಟಕ್ಕೆ ಉಪ್ಪಿಟ್ಟು ಒತ್ತಿ ತುಂಬಿ ಎಲೆಯ ಮೇಲೆ ಬೋರಲು ಹಾಕಿ, ಲೋಟವನ್ನು ಮೆಲ್ಲಗೆ ಮೇಲೆತ್ತಿದರು. ಉಪ್ಪಿಟ್ಟು ಒಂದು ಕ್ಷಣ ಗೋಪುರದಂತೆ ನಿಂತು ಆಮೇಲೆ ಸೊಂಟ ಮುರಿದಂತೆ ಕುಸಿಯಿತು.

“ನೋಡು ಪಾಪ, ಇದಕ್ಕೆ ಸ್ಲಂಪ್ ಅಂತಾರೆ. ಕಾಂಕ್ರೀಟಿಗೂ ಹೀಗೇ ತಗಡಿನ ಕೊಳವೇಲಿ ತುಂಬಿ ನೋಡ್ತೀವಿ. ಇಷ್ಟು ಕುಸಿದ್ರೆ ನೀರು ಜಾಸ್ತಿ ಆಗಿದೆ ಅಂತ.”

“ತಿನ್ನೋ ಪದಾರ್ಥಕ್ಕೆ ಎಂಥೆಂಥ ಹೆಸರಿಡ್ತೀರ್ರೀ!” ಎಂದಳು ಅಮ್ಮ. “ನೀರು ಜಾಸ್ತಿ ಅನ್ನಿಸಿದ್ರೆ ನಾಳೆಯಿಂದ ನೀವೇ ಕೆದಕಿ.”

“ಏನೂ ಆಗಿಲ್ಲ ಬಿಡೇ ಜಾನಕಿ,” ಎಂದಳು ಅವ್ವ. “ಇವನ ಸೇತುವೆ ಬಿದ್ರೂ ನಿನ್ನ ಉಪ್ಪಿಟ್ಟು ಗಂಟಲಲ್ಲಿ ಇಳೀತದೆ.”

ಪಕ್ಕದ ಮನೆಯ ಸುಬ್ಬಮ್ಮ ಒಂದು ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ಬಂದು, ಸಕ್ಕರೆ ಕಡ ಕೇಳುವಷ್ಟು ಸಲೀಸಾಗಿ ಸಿಮೆಂಟು ಕೇಳಿದಳು.

“ಒಂದು ಲೋಟ ಕೊಡೇ ಜಾನಕಿ, ನಮ್ಮ ಬಚ್ಚಲ ತೊಟ್ಟಿ ಸೋರ್ತಾ ಇದೆ.”

“ಅದು ಸರ್ಕಾರದ್ದು ಸುಬ್ಬಮ್ಮನೋರೆ. ನಾವು ಮುಟ್ಟೋ ಹಾಗಿಲ್ಲ.”

“ಸರ್ಕಾರ ನಿಮ್ಮ ನಡುಮನೇಲಿ ಬಂದು ಮಲಗಿದೆ ಅಂತ ನಂಗೇನು ಗೊತ್ತು ತಾಯಿ!”

ಖಾಲಿ ಲೋಟ ಹಿಡಿದು ಅವಳು ಹೊರಟುಹೋದಳು. ಅದಾದ ಮೇಲೆ ಬೀದಿಯ ನಲ್ಲಿಯ ಹತ್ತಿರ ಅಮ್ಮ ಹೋದರೆ ಮಾತು ನಿಲ್ಲುತ್ತಿತ್ತು.

ಸೇತುವೆಯ ಮೊದಲ ಅಂಕಣಕ್ಕೆ, ಎಂದರೆ ಶ್ರೀನಿವಾಸಪುರದ ಕಡೆಯ ದಂಡೆಯಿಂದ ಮೊದಲ ಕಂಬದವರೆಗಿನ ಭಾಗಕ್ಕೆ, ಕಾಂಕ್ರೀಟು ಸುರಿಯುವ ದಿನ ಗೊತ್ತಾಯಿತು. ಒಂದು ಸಲ ಶುರುಮಾಡಿದರೆ ಮುಗಿಯುವತನಕ ನಿಲ್ಲಿಸುವಂತಿಲ್ಲ. ಆದ್ದರಿಂದ ಮಕ್ಕಳಿಗೆ ಅಲ್ಲಿ ಜಾಗವಿಲ್ಲವೆಂದು ಅಪ್ಪ ನನ್ನನ್ನು ಮನೆಯಲ್ಲೇ ಬಿಟ್ಟರು. ಅವ್ವನನ್ನು ಬಿಡಲು ಅವರಿಂದಾಗಲಿಲ್ಲ. ಅವಳು ಬೆಳಗಿನ ಜಾವವೇ ಎದ್ದು ಮಡಿಯುಟ್ಟು ಎರಡು ದೊಡ್ಡ ಹಿತ್ತಾಳೆ ಕೊಡ ತುಂಬಿಸಿಟ್ಟಿದ್ದಳು. ಒಂದರಲ್ಲಿ ಕೂಲಿಯವರಿಗೆ ಪಾನಕ. ಇನ್ನೊಂದು ಯಾಕೆ ಎಂದು ಅಮ್ಮ ಕೇಳಿದ್ದಕ್ಕೆ “ಪೂಜೆಗೆ” ಎಂದಳು. ಬಿಸಿಲೇರುವ ಮೊದಲೇ ಗಾಡಿ ಕಟ್ಟಿಸಿಕೊಂಡು ಹೋಗಿ, ಮಧ್ಯಾಹ್ನ ಕೊಡಗಳನ್ನು ಖಾಲಿ ಮಾಡಿಕೊಂಡು ಬಂದಳು. ಹೆಂಗಸರು ಬಾಂಡ್ಲಿ ಬಾಂಡ್ಲಿ ಹೊತ್ತು ಇರುವೆ ಸಾಲಿನಂತೆ ಹತ್ತಿ ಇಳಿದದ್ದನ್ನು ನನಗೆ ಬಣ್ಣಿಸಿದಳು. ತುಂಬ ಸಂತೋಷವಾಗಿದ್ದಳು.

ಮರುದಿನ ಅಪ್ಪ ಹೊಳೆಯಿಂದ ಬಂದವರು ಕೈಕಾಲು ತೊಳೆಯದೆ ಜಗಲಿಯ ಮೇಲೆ ಕೂತುಬಿಟ್ಟರು.

“ಒಂದು ಮೂಲೆ ಗಟ್ಟಿಯಾಗಿಲ್ಲ ಕಣೇ.”

“ನಾಳೆ ಆಗುತ್ತೆ ಬಿಡಿ. ಹಸಿ ಇರ್ಬೇಕು,” ಎಂದಳು ಅಮ್ಮ.

“ಮಿಕ್ಕಿದ್ದೆಲ್ಲ ಕಲ್ಲಾಗಿದೆ. ದಂಡೆ ಪಕ್ಕದ ಆ ಮೂಲೇಲಿ ಬೆರಳಿಟ್ರೆ ಹಲ್ವದಲ್ಲಿ ಇಳಿದ ಹಾಗೆ ಇಳೀತದೆ.”

ನಾಳೆಯೂ ಆಗಲಿಲ್ಲ, ನಾಡಿದ್ದೂ ಆಗಲಿಲ್ಲ. ಆ ಮೂಲೆ ಒಣಗಿತು, ಆದರೆ ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಅಪ್ಪ ಮೊದಮೊದಲು ಹೆದರಲಿಲ್ಲ, ಕುತೂಹಲಗೊಂಡರು. ಅದೇ ಮರಳು, ಅದೇ ಜಲ್ಲಿ, ಅದೇ ಒರತೆಯ ನೀರು, ಅದೇ ಮೂಟೆಗಳು. ಒಂದು ಮೂಲೆಗೆ ಮಾತ್ರ ಏನಾಯಿತು? ಆದರೆ ಊರಿನ ಬಾಯಿಗೆ ಕಾರಣ ಹುಡುಕುವ ಕಷ್ಟವಿರಲಿಲ್ಲ. ಓವರ್ಸೀಯರ್ ಮನೆಯಲ್ಲೇ ಸಿಮೆಂಟಿದೆ, ಸೇತುವೆಯಲ್ಲಿ ಸಿಮೆಂಟಿಲ್ಲ. ಉಳಿದದ್ದನ್ನು ಯಾರು ಬೇಕಾದರೂ ಊಹಿಸಬಹುದು. ಯಾರೋ ಕೋಲಾರಕ್ಕೆ ದೂರು ಮುಟ್ಟಿಸಿದರು. ಇನ್ನೊಂದು ಪೇಚೂ ಇತ್ತು. ಕಾಂಕ್ರೀಟು ಸುರಿಯುವಾಗ ಅದರಲ್ಲೇ ಸ್ವಲ್ಪ ತೆಗೆದು ಚೌಕದ ಅಚ್ಚುಗಳಲ್ಲಿ ತುಂಬಿ, ನೀರಲ್ಲಿ ನೆನೆಸಿಟ್ಟು, ಆಮೇಲೆ ಬೆಂಗಳೂರಿಗೆ ಕಳಿಸುತ್ತಿದ್ದರು. ಅಲ್ಲಿ ಅವನ್ನು ಮೆಷಿನ್ನಿನಲ್ಲಿ ಹಿಚುಕಿ ಎಷ್ಟು ಭಾರಕ್ಕೆ ಒಡೆಯುತ್ತವೆಂದು ನೋಡುವರು. ಅಪ್ಪ ಅಚ್ಚು ತುಂಬಿದ್ದು ಮಧ್ಯಾಹ್ನದ ಕಲಸಿನಿಂದ, ಅವು ಚೆನ್ನಾಗಿ ಗಟ್ಟಿಯಾಗಿದ್ದವು. ಪರೀಕ್ಷೆಗೆ ಒಳ್ಳೆಯ ಮಾಲು, ಸೇತುವೆಗೆ ಕಳ್ಳ ಮಾಲು ಎಂಬ ಮಾತಿಗೆ ಅದೂ ಸಾಕ್ಷಿಯಾಯಿತು. ಕೋಲಾರದಿಂದ ಇಂಜಿನಿಯರ್ ಸಾಹೇಬರು ಬರುತ್ತಾರೆಂದು ತಿಳಿದಾಗ ಅಮ್ಮ ನನ್ನೆದುರಿಗೇ ಕೇಳಿದಳು.

“ಕೆಲಸ ಹೋಗುತ್ತೇನ್ರಿ?”

“ಕೆಲಸ ಹೋದ್ರೆ ಇನ್ನೊಂದು ಹುಡುಕಬಹುದು. ಸಿಮೆಂಟು ಕದ್ದ ಅಂತ ಹೋದ್ರೆ ಯಾರು ಕೊಡ್ತಾರೆ?”

ಆಗ ಶುರುವಾದದ್ದು ನಮ್ಮ ಅಡುಗೆಮನೆಯ ಕಿಟಕಿಯ ಎಕ್ಸ್‌ಪೆರಿಮೆಂಟು. ಅಮ್ಮ ಲೋಟ ಕೊಡಲು ಒಪ್ಪದ್ದರಿಂದ ತೆಂಗಿನ ಚಿಪ್ಪುಗಳನ್ನು ಸಾಲಾಗಿ ಜೋಡಿಸಿದೆವು. ಒಂದರಲ್ಲಿ ಹೊಸ ಮೂಟೆಯ ಸಿಮೆಂಟು, ಒಂದರಲ್ಲಿ ಹಳೆಯದು. ಒಂದಕ್ಕೆ ತೊಳೆದ ಮರಳು, ಒಂದಕ್ಕೆ ತೊಳೆಯದ್ದು. ಒಂದಕ್ಕೆ ನಮ್ಮ ಬಾವಿಯ ನೀರು, ಒಂದಕ್ಕೆ ಹೊಳೆಯ ಒರತೆಯದು. ಯಾವುದರಲ್ಲಿ ಏನಿದೆಯೆಂದು ನಾನು ಚಿಪ್ಪಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಗೋಣಿ ಹೊಲಿಯುವ ದಬ್ಬಳವನ್ನು ಆಗಾಗ ಮೆಲ್ಲಗೆ ಚುಚ್ಚಿ ನೋಡುವುದು ನನ್ನ ಡ್ಯೂಟಿ. ಒಂದು ಸಲಕ್ಕಿಂತ ಇನ್ನೊಂದು ಸಲ ದಬ್ಬಳ ಕಡಿಮೆ ಇಳಿಯುತ್ತ, ಆಮೇಲೆ ಬರೀ ಗೀರು ಮೂಡಿಸುತ್ತ, ಕೊನೆಗೆ ಗೀರೂ ಬೀಳದಂತಾಗುತ್ತಿತ್ತು. ಹಿಟ್ಟಿನಂಥದ್ದು ನನ್ನ ಕಣ್ಣೆದುರೇ ಕಲ್ಲಾಗುವ ಆ ಹೊತ್ತನ್ನು ಹಿಡಿಯಬೇಕೆಂದು ರೆಪ್ಪೆ ಮಿಟುಕಿಸದೆ ಕೂರುತ್ತಿದ್ದೆ. ಒಂದು ಸಲವೂ ಹಿಡಿಯಲಾಗಲಿಲ್ಲ. ಆದರೆ ಎಲ್ಲ ಚಿಪ್ಪೂ ಕಲ್ಲಾದವು. ಅಪ್ಪನ ಮುಖ ಸಪ್ಪಗಾಯಿತು. ಯಾವುದಾದರೂ ಒಂದು ಕೆಟ್ಟಿದ್ದರೆ ಅವರು ಬಚಾವಾಗುತ್ತಿದ್ದರು.

ಸೊಪ್ಪು ಸೋಸುತ್ತ ಕೂತಿದ್ದ ಅವ್ವ ಎದ್ದು ಬಂದು ಚಿಪ್ಪುಗಳನ್ನು ಒಂದೊಂದಾಗಿ ನೋಡಿದಳು.

“ಏಮಿರಾ ಸೀನಾ, ಪರೀಕ್ಷೆ ಅಂದ್ರೆ ಅಲ್ಲಿ ಹೆಂಗೆ ಮಾಡಿದ್ರೋ ಇಲ್ಲೂ ಹಂಗೇ ಮಾಡ್ಬೇಕಲ್ವೇನೋ? ಅಲ್ಲಿ ಹಾಕಿದ್ದನ್ನ ನೀನು ಇಲ್ಲಿ ಯಾವ್ದಕ್ಕೂ ಹಾಕೇ ಇಲ್ವಲ್ಲ.”

“ಏನು ಹಾಕಿಲ್ಲಮ್ಮ?”

“ಬೆಲ್ಲದ ನೀರು.”

ಅಪ್ಪ ಅವಳನ್ನೇ ನೋಡಿದರು.

“ಅಲ್ಲಿ ಯಾರು ಹಾಕಿದ್ರು ಬೆಲ್ಲದ ನೀರು?”

“ನಾನೇ ಕಣೋ ಕೊಟ್ಟಿದ್ದು, ಆ ಇನ್ನೊಂದು ಕೊಡದಲ್ಲಿ. ಮೊದಲ್ನೇ ಕಲಸಿಗೆ ಹಾಕಪ್ಪ ಅಂದೆ ಮುನಿಶಾಮಿ ಮೇಸ್ತ್ರಿಗೆ. ಹಾಕ್ದ. ಅಳಲೆಕಾಯೂ ನೆನೆಸಿದ್ದೀರಾ ಅಮ್ಮಾವ್ರೆ ಅಂತ ಬೇರೆ ಕೇಳ್ದ. ಅದಿಲ್ದೆ ಮಾಡ್ತೀನಾ?”

ಅವಳು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ; ಮೊದಲ ಕಲಸಿಗೆ ಬೆಲ್ಲದ ನೀರು ಹಾಕುವುದೂ ಅವಳಿಗೆ ಪೂಜೆಯೇ. ಮುನಿಶಾಮಿಯೂ ಮುಚ್ಚಿಟ್ಟಿರಲಿಲ್ಲ, ಮೊದಲು ಗಾರೆ ಕೆಲಸದಲ್ಲೇ ಕೈ ಪಳಗಿಸಿಕೊಂಡಿದ್ದ ಅವನಿಗೆ ಬೆಲ್ಲದ ನೀರೆಂದರೆ ಕಟ್ಟಡಕ್ಕೆ ಶಕ್ತಿ. ಹಾಕಿದ್ದು ಒಳ್ಳೆಯದೇ ಆದ್ದರಿಂದ ಕೆಟ್ಟದ್ದರ ಕಾರಣ ಹುಡುಕುವಾಗ ಇಬ್ಬರಿಗೂ ಅದು ನೆನಪಿಗೇ ಬರಲಿಲ್ಲ. ಅಪ್ಪ ಇನ್ನೊಂದು ಚಿಪ್ಪು ತೆಗೆದುಕೊಂಡರು. ಅಚ್ಚು ಬೆಲ್ಲದ ಒಂದು ಚೂರನ್ನು ನೀರಲ್ಲಿ ಕದಡಿ ಸಿಮೆಂಟು ಕಲಸಿ ಸಾಲಿನ ಕೊನೆಗಿಟ್ಟರು. ಅದರ ಪಕ್ಕದಲ್ಲೇ ಬೆಲ್ಲವಿಲ್ಲದ ಇನ್ನೊಂದು. ಮರುದಿನ ಬೆಳಗ್ಗೆ ನಾನು ಓಡಿಹೋಗಿ ದಬ್ಬಳ ಚುಚ್ಚಿದೆ. ಬೆಲ್ಲವಿಲ್ಲದ ಚಿಪ್ಪು ಟಣ್ಣೆಂದಿತು. ಬೆಲ್ಲದ ಚಿಪ್ಪಿನಲ್ಲಿ ದಬ್ಬಳ ತಳದವರೆಗೂ ಇಳಿಯಿತು.

ಅಪ್ಪನ ಮುಖದಲ್ಲಿ ಮೊದಲು ಬಂದದ್ದು ಖುಷಿ. ಅದನ್ನು ನಾನು ಕಣ್ಣಾರೆ ಕಂಡೆ. ಸುಣ್ಣವನ್ನು ಉಕ್ಕಿನಂತೆ ಮಾಡುವ ಬೆಲ್ಲ ಸಿಮೆಂಟನ್ನು ಯಾಕೆ ಕೊಲ್ಲುತ್ತದೆ? ಎರಡೂ ಸುಟ್ಟ ಕಲ್ಲಿನ ಪುಡಿಯೇ ತಾನೇ? “ಎಂಥ ಸೋಜಿಗ ಪಾಪ!” ಎಂದು ಆ ಚಿಪ್ಪನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರು. ನಾನು ಮುಂದೆ ಕೆಮಿಸ್ಟ್ರಿ ಓದಿದೆ, ಕಲಿಸಿದೆ; ಆ ಪ್ರಶ್ನೆಯ ಉತ್ತರ ಪುಸ್ತಕಗಳಲ್ಲಿ ಸಿಕ್ಕಿತು ಕೂಡ. ಸಕ್ಕರೆಯ ಅಂಶ ಸಿಮೆಂಟಿನ ಕಣಗಳಿಗೆ ಮೆತ್ತಿಕೊಂಡು ಅವು ನೀರಿನೊಡನೆ ಕೂಡಿ ಹರಳುಗಟ್ಟದಂತೆ ತಡೆಯುತ್ತದೆ. ಆದರೆ ಪುಸ್ತಕ ತೆರೆಯುವ ಬುದ್ಧಿ ಹುಟ್ಟಿದ್ದು ಆ ಕಿಟಕಿಯ ಹತ್ತಿರ. ಅಲ್ಲಿ ಹಾಕಿದ್ದನ್ನು ಇಲ್ಲೂ ಹಾಕಬೇಕು ಎಂದ ಅವ್ವನಿಗಿಂತ ಚೆನ್ನಾಗಿ ಎಕ್ಸ್‌ಪೆರಿಮೆಂಟ್ ಎಂದರೇನೆಂದು ನನಗೆ ಆಮೇಲೆ ಯಾವ ಪ್ರೊಫೆಸರೂ ಹೇಳಿಕೊಡಲಿಲ್ಲ.

ಖುಷಿಯ ಹಿಂದೆಯೇ ಇನ್ನೊಂದು ಬಂತು. ಚಿಪ್ಪು ಕೆಳಗಿಟ್ಟು ಅಪ್ಪ ಜಗಲಿಗೆ ಹೋಗಿ ಕೂತರು. ಅಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ನಡೆದ ಜಗಳ ದನಿಯೇರಿಸದ ಜಗಳ. ನಾನು ಮೂಟೆಗಳ ಹಿಂದೆ ಕೂತು ಎಲ್ಲ ಕೇಳಿಸಿಕೊಂಡೆ.

“ಹೇಳಿಬಿಡಿ ಸಾಹೇಬರಿಗೆ. ನಡೆದದ್ದು ಇದು ಅಂತ,” ಎಂದಳು ಅಮ್ಮ.

“ಏನಂತ ಹೇಳ್ಲಿ? ನಮ್ಮಮ್ಮ ಹಾಳು ಮಾಡಿದ್ಲು ಅಂತಲಾ?”

“ಹಾಳು ಮಾಡಿದ್ರು ಅಂತಲ್ಲ. ಗೊತ್ತಿಲ್ದೆ ಹಾಕಿದ್ರು ಅಂತ.”

“ಯಾರು ನಂಬ್ತಾರೆ ಜಾನಕಿ? ಸಿಮೆಂಟು ಮಾರ್ಕೊಂಡು ಮುದುಕಿ ತಲೆ ಮೇಲೆ ಹಾಕ್ದ ಅಂತಾರೆ. ಅದಕ್ಕಿಂತ ನನ್ನ ಉಸ್ತುವಾರಿ ಸರಿಯಾಗಿರ್ಲಿಲ್ಲ ಅಂತ ಒಪ್ಕೊಂಡುಬಿಡ್ತೀನಿ.”

“ಒಪ್ಕೊಂಡ್ರೆ ಕಳ್ಳ ಅಂತ್ಲೇ ಅರ್ಥ. ಈ ಹುಡುಗೀನ ನಾಳೆ ಕಾನ್ವೆಂಟಿಗೆ ಯಾವ ಮುಖ ಇಟ್ಕೊಂಡು ಕಳಿಸ್ತೀರಿ?”

ಅವ್ವ ಅಡುಗೆಮನೆಯಲ್ಲಿದ್ದಳು. ಅವಳು ಪಾತ್ರೆ ಜೋಡಿಸುತ್ತಿದ್ದ ಸದ್ದು ನಿಂತದ್ದು ನನಗೆ ಕೇಳಿಸಿತು. ಆ ದಿನದಿಂದ ಅವಳು ಊಟದ ಹೊತ್ತಿಗೆ ಕತೆ ಹೇಳುವುದನ್ನು ಬಿಟ್ಟಳು. ಅಪ್ಪ ಅವಳ ಮೇಲೆ ರೇಗಲಿಲ್ಲ, ರೇಗಿದ್ದರೆ ಚೆನ್ನಾಗಿರುತ್ತಿತ್ತು. ಬೇಕಾದಷ್ಟೇ ಮಾತಾಡಿ, ಎಲೆ ಎತ್ತಿ, ಹೊರಗೆ ಹೋಗುತ್ತಿದ್ದರು.

ಸಾಹೇಬರು ಬರುವ ದಿನ ಅಪ್ಪ ಸೈಕಲ್ಲು ಹತ್ತಿ ಹೋದ ಮೇಲೆ ಅವ್ವ ಸೀರೆ ಬದಲಾಯಿಸಿದಳು.

“ಜಾನಕಿ, ಗಾಡಿ ಕಟ್ಟಿಸು. ಪಾಪಾನೂ ಬರ್ಲಿ, ನಂಗೆ ಜೊತೆಗೆ.”

“ಅತ್ತೆ, ಸಾಹೇಬರಿಗೆ ಹೇಳೋದು ಬೇಡ ಅಂದಿದ್ದಾರೆ ಅವರು.”

“ಅವನು ಬೇಡ ಅಂದದ್ದು ತನಗೆ. ನಂಗಲ್ಲ.”

ಹೊಳೆಯ ಹತ್ತಿರ ಹೋದಾಗ ಸಾಹೇಬರು ಆ ಮೂಲೆಯ ಪುಡಿಯನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದರು. ತೆಳ್ಳಗೆ, ಎತ್ತರಕ್ಕೆ, ತಲೆಯ ಮೇಲೆ ಸೋಲಾ ಹ್ಯಾಟು. ಅಪ್ಪ ಎದುರಿಗೆ ಕೈಕಟ್ಟಿ ನಿಂತಿದ್ದರು. ಅಪ್ಪನನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ಕೂಲಿಯವರೆಲ್ಲ ಕೆಲಸ ನಿಲ್ಲಿಸಿದ್ದರು. ಮುನಿಶಾಮಿ ಮೇಸ್ತ್ರಿ ತಲೆಗೆ ಸುತ್ತಿದ್ದ ವಸ್ತ್ರ ತೆಗೆದು ಹೆಗಲ ಮೇಲೆ ಹಾಕಿಕೊಂಡಿದ್ದ. ಅವ್ವ ನೇರ ಹೋಗಿ ತಾನು ಮಾಡಿದ್ದನ್ನೆಲ್ಲ ಒಂದು ಉಸಿರಿಗೆ ಹೇಳಿದಳು. ಸಾಹೇಬರು ಸಿಟ್ಟಾಗಲಿಲ್ಲ, ಮೃದುವಾಗಿ ನಕ್ಕರು. ಅದೇ ಇನ್ನೂ ಕಷ್ಟವಾಯಿತು.

“ಅಮ್ಮಾ, ತಾವು ಹೆತ್ತ ತಾಯಿ. ಮಗನ್ನ ಉಳಿಸಿಕೊಳ್ಳೋಕೆ ನಮ್ಮ ತಾಯಿನೂ ಹೀಗೇ ಹೇಳ್ತಿದ್ರು.”

“ನಿಮ್ಮ ತಾಯಿ ವಿಷಯ ನಂಗೊತ್ತಿಲ್ಲಪ್ಪ. ಸುಳ್ಳು ಹೇಳೋಕೆ ನಾನು ಗಾಡಿ ಕಟ್ಟಿಸ್ಕೊಂಡು ಈ ಬಿಸಿಲಲ್ಲಿ ಬರಲ್ಲ. ಮನೇಲಿ ಕೂತೇ ಹೇಳ್ತೀನಿ.”

ಕೂಲಿ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಅವ್ವ ಸೆರಗಿನ ಗಂಟು ಬಿಚ್ಚಿ ಒಂದು ಅಚ್ಚು ಬೆಲ್ಲ ತೆಗೆದು ಸಾಹೇಬರ ಮುಂದೆ ಹಿಡಿದಳು.

“ನಮ್ಮ ಸೀನ ಕಲಸೋದು ಬೇಡ. ಮೇಸ್ತ್ರಿ ಕಲಸೋದೂ ಬೇಡ. ನಿಮ್ಮ ಕೈಯಾರೆ ಕಲಸಿ, ನಿಮ್ಮ ಹತ್ರವೇ ಇಟ್ಕೊಳ್ಳಿ.”

ಸಾಹೇಬರು ಬೆಲ್ಲವನ್ನೂ ಅವ್ವನನ್ನೂ ಒಂದಷ್ಟು ಹೊತ್ತು ನೋಡಿದರು. ಆಮೇಲೆ ಕೋಟು ತೆಗೆದು ಅಪ್ಪನ ಕೈಗೆ ಕೊಟ್ಟು ತೋಳು ಮಡಿಸಿದರು. ಅವರ ಕಣ್ಣಲ್ಲಿ ಆಗ ಕಂಡದ್ದು ಚಿಪ್ಪುಗಳ ಮುಂದೆ ಅಪ್ಪನ ಕಣ್ಣಲ್ಲಿ ಕಾಣುತ್ತಿದ್ದಂಥದ್ದೇ. ತಾವೇ ಮೂಟೆ ಬಿಚ್ಚಿಸಿ, ತಾವೇ ಅಳೆದು, ಒಂದಕ್ಕೆ ಮಾತ್ರ ಬೆಲ್ಲ ಹಾಕಿ ಎರಡು ಖಾಲಿ ಬಿಸ್ಕತ್ತು ಡಬ್ಬಿಗಳಲ್ಲಿ ಕಲಸಿ ತುಂಬಿ, ತಾವು ಇಳಿದುಕೊಂಡಿದ್ದ ಟ್ರಾವೆಲರ್ಸ್ ಬಂಗಲೆಗೆ ಕೊಂಡೊಯ್ದರು. ಅಪ್ಪ ನಮ್ಮ ಗಾಡಿಯ ಹಿಂದೆಯೇ ಸೈಕಲ್ಲು ತುಳಿಯುತ್ತ ಮನೆಯವರೆಗೆ ಬಂದರು.

ಮರುದಿನ ತಿಂಡಿಯ ಹೊತ್ತಿಗೆ ಸಾಹೇಬರು ನಮ್ಮ ಮನೆಗೇ ಬಂದುಬಿಟ್ಟರು, ಎರಡೂ ಕಂಕುಳಲ್ಲಿ ಒಂದೊಂದು ಡಬ್ಬಿ. ಹಜಾರದ ಬೆಂಚಿನ ಮೇಲೆ ಅವನ್ನಿಟ್ಟು ಒಂದನ್ನು ಬೆರಳಿನಿಂದ ತಟ್ಟಿದರು. ಇನ್ನೊಂದರಲ್ಲಿ ಬೆರಳು ಅದ್ದಿ ಎತ್ತಿ, ಬೂದು ಅಂಟಿದ ಆ ಬೆರಳನ್ನು ಚಿಕ್ಕ ಹುಡುಗನಂತೆ ಅವ್ವನಿಗೆ ತೋರಿಸಿದರು.

“ಇಷ್ಟು ವರ್ಷ ಸರ್ವಿಸ್ ಮಾಡಿದ್ದೀನಿ, ಇದನ್ನ ನಾನು ನೋಡಿರ್ಲಿಲ್ಲ ಅಮ್ಮ.”

ಅಮ್ಮ ಕಾಫಿ ತಂದಿಟ್ಟಳು. ಯುದ್ಧದ ರೇಷನ್ನಿನಲ್ಲಿ ಸಕ್ಕರೆ ಮುಗಿದಿತ್ತು. ಬೆಲ್ಲದ ಕಾಫಿ ಎಂದು ಹೇಳಲು ಅವಳಿಗೆ ನಾಚಿಕೆ.

“ಬೆಲ್ಲ ತಾನೇ? ಕೊಡಿ ತಾಯಿ,” ಎಂದು ಸಾಹೇಬರು ಲೋಟ ತೆಗೆದುಕೊಂಡರು. “ನನ್ನ ಹೊಟ್ಟೇಲಿ ಸಿಮೆಂಟಿಲ್ಲ.”

ಕುಡಿದು ಎದ್ದವರು ಬಾಗಿಲಲ್ಲಿ ನಿಂತು ಅಪ್ಪನಿಗೆ ಹೇಳಿದ ಮಾತು ಮಾತ್ರ ನಗುವಿನದಾಗಿರಲಿಲ್ಲ. ಆ ಮೂಲೆ ಯಾಕೆ ಕೆಟ್ಟಿತೆಂದು ಗೊತ್ತಾಯಿತು, ಉಳಿದದ್ದು ಚೆನ್ನಾಗಿದೆಯೆಂದು ಅದರಿಂದ ಗೊತ್ತಾಗುವುದಿಲ್ಲ. ಆ ಮೂಲೆಯನ್ನು ಕಂಬಿ ಕಾಣುವವರೆಗೆ ಒಡೆದು ಹೊಸದಾಗಿ ಸುರಿಯಬೇಕು. ಅದು ಪಕ್ವವಾದ ಮೇಲೆ ಇಡೀ ಅಂಕಣಕ್ಕೆ ಭಾರ ಹೇರಿ ಪರೀಕ್ಷೆ. ಅದರಲ್ಲಿ ಸೋತರೆ ಪೂರ್ತಿ ಕೆಡವುವುದು, ದೂರಿನ ವಿಚಾರಣೆ ಮತ್ತೆ ಮೊದಲಿನಿಂದ.

ಬೇಸಿಗೆಯ ಉಳಿದ ದಿನಗಳೆಲ್ಲ ಅದರ ಕಾಯುವಿಕೆಯಲ್ಲೇ ಕಳೆದವು. ಹೊಸ ಕಾಂಕ್ರೀಟಿನ ಮೇಲೆ ಗೋಣಿ ಹಾಸಿ ಹಗಲೆಲ್ಲ ನೀರು ಕಟ್ಟಿ ನಿಲ್ಲಿಸುತ್ತಿದ್ದರು. ಮಳೆಗಾಲ ಹತ್ತಿರ ಬರುತ್ತಿತ್ತು. ಹೊಳೆ ಬಂದರೆ ಕೆಳಗೆ ಅಟ್ಟಣೆ ಕಟ್ಟಿ ಅಳೆಯಲು ಆಗುತ್ತಿರಲಿಲ್ಲ. ಮೋಡ ಕಂಡಾಗಲೆಲ್ಲ ಅಮ್ಮ ಹಿತ್ತಲಿಗೆ ಹೋಗಿ ನೋಡಿ ಬರುವಳು. ಅಪ್ಪ ಅವ್ವರ ನಡುವಿನ ಮೌನ ಹಾಗೇ ಇತ್ತು. ಅಪ್ಪನಿಗೆ ಅವಳ ಮೇಲೆ ಕೋಪವಿತ್ತೋ, ತನಗಾಗಿ ಅವಳು ನಾಲ್ಕು ಜನರ ಮುಂದೆ ಹೋಗಿ ನಿಂತಳೆಂಬ ಸಂಕೋಚವೋ ನನಗೆ ತಿಳಿಯುತ್ತಿರಲಿಲ್ಲ. ಅವ್ವನಿಗೂ ತಿಳಿದಿರಲಿಕ್ಕಿಲ್ಲ. ಅವಳು ತನಗೆ ತಾನೇ ಶಿಕ್ಷೆ ಹಾಕಿಕೊಂಡವಳಂತೆ ಅಡುಗೆಯಲ್ಲಿ ಏನನ್ನು ಬೆರೆಸಬೇಕಾದರೂ “ಹಾಕ್ಲಾ ಜಾನಕಿ?” ಎಂದು ಕೇಳಲು ಶುರುಮಾಡಿದ್ದಳು. ಉಪ್ಪಿಗೂ. ಅದನ್ನು ಕೇಳಲಾರದೆ ಅಮ್ಮ ಒಂದು ದಿನ ಅತ್ತುಬಿಟ್ಟಳು.

ನನ್ನ ಶಾಲೆ ತೆರೆಯಲು ಇನ್ನೇನು ಕೆಲವೇ ದಿನವಿದೆ ಎನ್ನುವಾಗ ಪರೀಕ್ಷೆ ನಡೆಯಿತು. ನಮ್ಮೆಲ್ಲರನ್ನೂ ಬರಲು ಅಪ್ಪನೇ ಹೇಳಿದರು. ಹೊಳೆಯ ಮರಳನ್ನೇ ಚೀಲಗಳಿಗೆ ತುಂಬಿ ಸೇತುವೆಯ ಮೇಲೆ ಎದೆಯೆತ್ತರ ಒಟ್ಟುತ್ತ ಹೋದರು. ಕೆಳಗೆ ಮರಳಿನಲ್ಲಿ ಗಟ್ಟಿಯಾಗಿ ಹೂತಿದ್ದ ಕಂಬದ ಮೇಲೆ ಗಡಿಯಾರದಂಥ ಒಂದು ಡಯಲ್ ಗೇಜು. ಅದರ ಸಣ್ಣ ಕಡ್ಡಿ ಸೇತುವೆಯ ತಳಕ್ಕೆ ತಾಗಿತ್ತು. ಸಾಹೇಬರು ನನ್ನನ್ನು ಕರೆದು ತೋರಿಸಿದರು. ಕಣ್ಣಿಗೆ ಸೇತುವೆ ಅಲ್ಲಾಡುತ್ತಲೇ ಇರಲಿಲ್ಲ, ಆದರೆ ಚೀಲದ ಮೇಲೆ ಚೀಲ ಬಿದ್ದಂತೆ ಮುಳ್ಳು ಒಂದೊಂದು ಕೂದಲೆಳೆಯಷ್ಟು ಸರಿಯುತ್ತಿತ್ತು. ಆ ಭಾರವನ್ನು ಒಂದು ಹಗಲು ಒಂದು ರಾತ್ರಿ ಹಾಗೇ ಬಿಟ್ಟು ಮರುದಿನ ಇಳಿಸಿದರು. ಎಷ್ಟು ಬಗ್ಗಿತು ಎನ್ನುವುದರಷ್ಟೇ ಮುಖ್ಯವಾದದ್ದು ಭಾರ ಇಳಿದ ಮೇಲೆ ಎಷ್ಟು ವಾಪಸ್ಸು ಬಂತು ಎನ್ನುವುದು. ವಾಪಸ್ಸು ಬಾರದೆ ಉಳಿದರೆ ಒಳಗೆಲ್ಲೋ ಬಿರುಕು ಬಿಟ್ಟಿದೆಯೆಂದು ಲೆಕ್ಕ. ಕೊನೆಯ ಚೀಲ ಇಳಿದಾಗ ಅಪ್ಪ ಮುಳ್ಳನ್ನು ನೋಡಲಿಲ್ಲ, ಸಾಹೇಬರ ಮುಖವನ್ನು ನೋಡಿದರು. ಸಾಹೇಬರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇನ್ನೊಂದು ಸಲ ಬಾಗಿ ಓದಿದರು.

“ಬಂದಿದೆ ಕಣ್ರೀ. ಹೆಚ್ಚು ಕಮ್ಮಿ ಪೂರ್ತಿ ಬಂದಿದೆ. ಪಾಸ್.”

ಮುನಿಶಾಮಿ ಮೇಸ್ತ್ರಿ “ಸಾಮೀ!” ಎಂದು ಕೂಗಿ ಕುಕ್ಕುರುಗಾಲಲ್ಲಿ ಕೂತುಬಿಟ್ಟ. ಮೇಲೆ ಎಲ್ಲರೂ ಗುಂಪಾಗಿ ಆ ಅಂಕಣದ ಮೇಲೆ ಓಡಾಡತೊಡಗಿದರು. ಸಾಹೇಬರು ಅಪ್ಪನ ಕೈಕುಲುಕಿ, ದೂರಿನ ವಿಚಾರ ಅಲ್ಲಿಗೆ ಮುಗಿಯಿತೆಂದು ಎಲ್ಲರಿಗೂ ಕೇಳುವಂತೆ ಹೇಳಿ ಕಾರು ಹತ್ತಿದರು. ನಾನು ಅವ್ವನನ್ನು ಹುಡುಕಿದೆ. ಅವಳು ಸೇತುವೆ ಹತ್ತಿರಲಿಲ್ಲ. ಕೆಳಗೆ ಬಿಸಿ ಮರಳಿನಲ್ಲಿ ಬರಿಗಾಲಲ್ಲಿ ಒಬ್ಬಳೇ ನಡೆದು ಹೋಗುತ್ತಿದ್ದಳು. ಅಪ್ಪ ಮೇಲಿನಿಂದ ಅವಳನ್ನು ಕಂಡರು. ಷೂಸನ್ನು ಅಲ್ಲೇ ಬಿಚ್ಚಿಟ್ಟು, ದಂಡೆಯ ಇಳಿಜಾರಿನಲ್ಲಿ ಜಾರುತ್ತ ಕೆಳಗಿಳಿದು ಹೋಗಿ ಅವಳ ಪಕ್ಕದಲ್ಲಿ ನಡೆಯತೊಡಗಿದರು. ನಾನು ಹಿಂದೆ ಓಡಿದೆ.

ಹೊಸದಾಗಿ ಸುರಿದ ಮೂಲೆ ದಂಡೆಗೆ ಸೇರುವಲ್ಲಿ ತಳ ಕೈಗೆ ಎಟಕುವಷ್ಟು ಕೆಳಗಿತ್ತು. ಅಲ್ಲಿ ಅವ್ವ ನಿಂತಳು. ಕೈಯೆತ್ತಿ, ಒಲೆಗೇರಿಸುವ ಹೊಸ ಮಡಕೆಯನ್ನು ನೋಡುವಂತೆ, ಬೆರಳ ಗೆಣ್ಣಿನಿಂದ ತಟ್ಟಿದಳು. ಒಂದು ಕಡೆ, ಆಮೇಲೆ ಪಕ್ಕದಲ್ಲಿ, ಆಮೇಲೆ ಹಳೆಯದೂ ಹೊಸದೂ ಕೂಡುವ ಗೆರೆಯ ಮೇಲೆ. ಕಿವಿಗೊಟ್ಟು ಕೇಳಿದಳು. ಅಪ್ಪ ಕಾಯುತ್ತ ನಿಂತರು.

“ಗಟ್ಟಿಯಾಗಿದೆ ಕಣೋ.”

“ಹೂಂ ಅಮ್ಮ.”

“ಇನ್ನೂ ಮೂರು ಅಂಕಣ ಬಾಕಿ ಇದೆಯಲ್ಲ?”

“ಇದೆ.”

“ಕೂಲಿಯೋರಿಗೆ ಪಾನಕ ತರ್ತೀನಿ. ಕುಡಿಯೋಕೆ ಅಷ್ಟೇ.”

ಅಪ್ಪ ನಗಲು ಶುರುಮಾಡಿದರು. ಮೊದಲು ಸದ್ದಿಲ್ಲದೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಅವ್ವ ಸ್ವಲ್ಪ ಹೊತ್ತು ಬಿಗುಮಾನದಿಂದ ನೋಡಿದಳು, ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. ಆ ನಗು ಸೇತುವೆಯ ತಳಕ್ಕೆ ತಾಗಿ ದೊಡ್ಡದಾಗಿ ತಿರುಗಿ ಬರುತ್ತಿತ್ತು. ಮೇಲಿದ್ದವರೆಲ್ಲ ಏನಾಯಿತೆಂದು ಕಟಕಟೆಯಿಲ್ಲದ ಅಂಚಿನಿಂದ ಬಗ್ಗಿ ನೋಡುತ್ತಿದ್ದರು.